“ನಿಮ್ದೂ ಆಗಿಲ್ವಾ ಸಾರ್?”

ಗ್ರೂಪಿನಲ್ಲಿ ಮತ್ತೆ ಅದೇ ಜಗಳ... “ನಮ್ಮ ತೆರಿಗೆ ದುಡ್ಡಲ್ಲಿ ಎಲ್ಲ ಮಕ್ಕಳಿಗೂ ಪುಕ್ಕಟೆ ಊಟ ಯಾಕೆ?”

ಓದಿ ಓದಿ ಸಾಕಾಗಿದೆ. ವಾದ ಮಾಡುವ ತ್ರಾಣ ನನಗಿಲ್ಲ... ಒಂದು ಕಥೆ ಕಳಿಸುತ್ತಿದ್ದೇನೆ, ಪುರುಸೊತ್ತಿದ್ದರೆ ಓದಿ.

ಮಂಡ್ಯ ಸೀಮೆಯ ಒಂದು ಸಣ್ಣ ಪಟ್ಟಣ. ಅಲ್ಲೊಬ್ಬರು ಸಿಮೆಂಟ್ ವ್ಯಾಪಾರಿ, ಚನ್ನಂಕೇಗೌಡರು ಅಂತ. ಪುರಸಭೆಯ ಸದಸ್ಯರೂ ಹೌದು.

ಕೆಟ್ಟವರಲ್ಲ... ದಣಿದವರು. ಅಂಗಡಿ, ತೆರಿಗೆ, ಶುಗರ್, ಮಂಡಿನೋವು... ಯಾರು ಏನು ಕೇಳಿದರೂ ಮೊದಲು “ಇಲ್ಲ” ಅಂದುಬಿಡುವಷ್ಟು ದಣಿವು.

ಒಮ್ಮೆ ಪುರಸಭೆಯ ಮುಂದೆ ಒಂದು ಪ್ರಸ್ತಾಪ ಬಂತು. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಬಿಸಿಯೂಟ ಹೇಗೂ ಇದೆ, ಮನೆ ಕಂದಾಯದ ಹಣದಲ್ಲಿ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿಯನ್ನೂ ಕೊಡೋಣ ಅಂತ.

ಗೌಡರು ಒಪ್ಪಲಿಲ್ಲ. ಇಲ್ಲದವರಿಗೆ ಕೊಡಿ, ಬೇಡ ಅನ್ನುವುದಿಲ್ಲ, ಉಳ್ಳವರ ಮಕ್ಕಳಿಗೂ ಯಾಕೆ, ಜನ ಬೆವರು ಸುರಿಸಿ ಕಟ್ಟಿದ ಕಂದಾಯ ಅದು ಎಂದರು.

ತಪ್ಪೇನೂ ಇಲ್ಲ ಬಿಡಿ... ನಾವು ನೀವು ಹೇಳುವುದೂ ಅದನ್ನೇ.

ಹಾಗಾದರೆ ಯಾರಿಗೆ ಬೇಕು ಅಂತ ನೀವೇ ಹೋಗಿ ತಿಳಿದುಕೊಂಡು ಬನ್ನಿ ಎಂದು ಅಧ್ಯಕ್ಷರು ಕೆಲಸವನ್ನು ಅವರ ತಲೆಗೇ ಕಟ್ಟಿದರು.

ಮುಂದಿನ ಮೀಟಿಂಗ್ ದಿನ ಬೆಳಿಗ್ಗೆ ಗೌಡರಿಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟ್ ಬೇರೆ ಇತ್ತು. ಲ್ಯಾಬಿನಲ್ಲಿ ದೊಡ್ಡ ಕ್ಯೂ... ಅಷ್ಟರಲ್ಲಿ ಶಾಲೆಯ ಕೆಲಸ ಮುಗಿಸಿ ಬರೋಣ ಅಂತ ಏನೂ ತಿನ್ನದೆ ಹಾಗೇ ಹೊರಟರು.

ಹೆಡ್‌ಮಿಸ್ಟ್ರೆಸ್ ಕಾತ್ಯಾಯಿನಿ ಮೇಡಂ ಗೌಡರನ್ನು ಎಂಟನೇ ಕ್ಲಾಸಿಗೆ ಕರೆದುಕೊಂಡು ಹೋದರು.

“ಎಲ್ಲಾರ್ದೂ ತಿಂಡಿ ಆಯ್ತೇನ್ರಪ್ಪಾ?”

“ಆಯ್ತು ಸಾರ್...” ಇಡೀ ಕ್ಲಾಸು ರಾಗವಾಗಿ ಹೇಳಿತು. ಮುಂದಿನ ಬೆಂಚಿನ ನಿಶ್ಚಿತಾ ಎಂಬ ಹುಡುಗಿಯದೇ ಎಲ್ಲರಿಗಿಂತ ಜೋರು ದನಿ.

ಆಗದವರು ಕೈ ಎತ್ತಿ ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಉಳಿದ ಕ್ಲಾಸುಗಳಲ್ಲೂ ಅದೇ ರಾಗ, ಅದೇ ಉತ್ತರ.

ಗೌಡರಿಗೆ ಸಮಾಧಾನ. ನೋಡಿ ಮೇಡಂ, ಒಬ್ಬರಿಗೂ ಬೇಡವಂತೆ ಎಂದರು. ಮೇಡಂ ವಾದಕ್ಕೆ ಇಳಿಯಲಿಲ್ಲ... ಹೇಳಿ ಹೇಳಿ ಅವರ ಗಂಟಲು ಎಂದೋ ಒಣಗಿತ್ತು. ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿದರು ಅಷ್ಟೇ.

“ನಿಮ್ಮ ತಿಂಡಿ ಆಯ್ತಾ ಸಾರ್?”

“ಆಯ್ತು ಮೇಡಂ, ಆಯ್ತು.”

ಟೆಸ್ಟ್ ಇದೆ ಎನ್ನಬಹುದಿತ್ತು. ಆದರೆ ನಮ್ಮ ನಾಲಿಗೆಗೆ ಬೇರೆ ಉತ್ತರವೇ ಗೊತ್ತಿಲ್ಲವಲ್ಲ... ಹೊಟ್ಟೆ ತಾಳ ಹಾಕುತ್ತಿದ್ದರೂ “ಆಯ್ತು” ಅನ್ನುವ ಜನ ನಾವು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಗೌಡರಿಗೆ ಕಣ್ಣು ಕತ್ತಲೆ ಬಂತು. ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕುಸಿದು ಕುಳಿತರು. ಕೈ ನಡುಗುತ್ತಿತ್ತು.

ಬಾಟಲಿಗೆ ನೀರು ಹಿಡಿಯಲು ಬಂದಿದ್ದ ನಿಶ್ಚಿತಾ ಅವರನ್ನೇ ನೋಡಿದಳು. ಆ ನಡುಕ ಅವಳಿಗೆ ಪರಿಚಯದ್ದು.

“ನಿಮ್ದೂ ಆಗಿಲ್ವಾ ಸಾರ್?”

ನಿಮ್ದೂ...

ಆ ಒಂದು “ಊ” ಗೌಡರ ಎದೆಗೆ ನಾಟಿತು.

ಅವಳು ಬಾಟಲಿ ಅವರ ಕೈಗಿಟ್ಟಳು. “ನಿಧಾನಕ್ಕೆ ಕುಡೀರಿ ಸಾರ್. ಒಂದೇ ಸಲ ಕುಡುದ್ರೆ ಹೊಟ್ಟೆ ನೋಯ್ತದೆ. ಹಿಂಗ್ ಕುಡುದ್ರೆ ಬಿಸಿಯೂಟದ ಗಂಟ ತಡ್ಕಬೋದು.”

ಮತ್ತೆ ಕ್ಲಾಸಲ್ಲಿ ಆಯ್ತು ಅಂದೆಯಲ್ಲಮ್ಮ ಎಂದು ಗೌಡರು ಕೇಳಿದರು. ಅವಳ ಅಮ್ಮ ಕತ್ತಲಿರುವಾಗಲೇ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳಂತೆ, ಒಲೆ ಹಚ್ಚಲು ಹೊತ್ತಿರುವುದಿಲ್ಲವಂತೆ.

“ಇಲ್ಲ ಅಂದ್ರೆ ಎಲ್ರೂ ನಮ್ಮಮ್ಮನ್ನ ಆಡ್ಕತಾರೆ ಸಾರ್.”

ತನ್ನ ಪಕ್ಕ ಕೂರುವ ಹುಡುಗಿಯದೂ ಆಗಿಲ್ಲ ಎಂದು ಮೆಲ್ಲಗೆ ಸೇರಿಸಿದಳು. ಆ ಹುಡುಗಿಯ ಅಪ್ಪನಿಗೆ ಸ್ವಂತ ಅಂಗಡಿ, ಮಹಡಿ ಮನೆ. ಆದರೆ ಆ ಮನೆಯಲ್ಲಿ ಬೆಳಗಾದರೆ ಜಗಳ... ಮಗಳು ತಿಂದಳೋ ಬಿಟ್ಟಳೋ ನೋಡುವವರಿಲ್ಲ.

ಗೌಡರು ಬಾಟಲಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟರು.

ಮಧ್ಯಾಹ್ನದ ಮೀಟಿಂಗಿನಲ್ಲಿ ಎಷ್ಟು ಮಕ್ಕಳಿಗೆ ಬೇಕಂತೆ ಎಂದು ಅಧ್ಯಕ್ಷರು ಕೇಳಿದರು. ಎಲ್ಲರಿಗೂ ಎಂದರು ಗೌಡರು. ಸಭೆ ನಕ್ಕಿತು. ಅವರು ಹಿಂದೆ ಆಡಿದ ಮಾತನ್ನೇ ಒಬ್ಬೊಬ್ಬರೂ ಅವರ ಮುಖಕ್ಕೆ ಎಸೆದರು.

ಗೌಡರಿಗೆ ಜಗಳವಾಡುವ ಶಕ್ತಿ ಇರಲಿಲ್ಲ. ಮೇಜು ಹಿಡಿದು ಎದ್ದು ನಿಂತರು.

“ಕೇಳ್ಬುಟ್ಟು ಕೊಡ್ತೀವಿ ಅಂದ್ರೆ ಒಂದು ಮಗಾನೂ ಕೈ ಎತ್ತಕಿಲ್ಲ. ಈ ವಯಸ್ಸಲ್ಲಿ ನಾನೇ ಎತ್ನಿಲ್ಲ... ಮಕ್ಳು ಎತ್ತಾವಾ?”

ಸಂಜೆಯವರೆಗೂ ಎಳೆದಾಡಿ, ಕೊನೆಗೆ ಹೇಗೋ ಪಾಸಾಯಿತು. ಒಂದು ವರ್ಷಕ್ಕೆ ಮಾತ್ರ... ಆಮೇಲೆ ಮತ್ತೆ ನೋಡೋಣ ಎಂಬ ಷರತ್ತಿನ ಮೇಲೆ.

ಮೊದಲ ದಿನ ಉಪ್ಪಿಟ್ಟು. ಅಂಗಡಿಯವರ ಮಗಳು, ಗಾರ್ಮೆಂಟ್ಸ್‌ನವಳ ಮಗಳು ಒಂದೇ ಸಾಲಿನಲ್ಲಿ ಕುಳಿತಿದ್ದರು. ತಿಂಡಿ ಆಯ್ತಾ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ತಟ್ಟೆ ಇಟ್ಟರು, ಬಡಿಸಿದರು.

ಗೌಡರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ನಿಶ್ಚಿತಾ ತಲೆ ಎತ್ತದೆ ತಿಂದಳು...

ಬಡಿಸುವವರು ಮತ್ತೆ ಬಂದಾಗ, “ಸಾಕು” ಎನ್ನದೆ ತಟ್ಟೆ ಮುಂದಕ್ಕೆ ತಳ್ಳಿದಳು.

*ಹಸಿದವರನ್ನು “ಆಯ್ತಾ” ಎಂದು ಕೇಳಬೇಡಿ... ಎಲ್ಲರ ಜೊತೆ ಅವರಿಗೂ ಎಲೆ ಹಾಕಿಬಿಡಿ.*

ಇವತ್ತು ನಿಮಗೆ “ಆಯ್ತು” ಎಂದವರಲ್ಲಿ ಎಷ್ಟು ಜನರದ್ದು ನಿಜವಾಗಿ ಆಗಿತ್ತು?