ಗಾಳಿಗೆ ಕಿವಿ

ಹದಿಮೂರನೆಯ ದಿನದ ಊಟ ಮುಗಿಸಿ ಔರಾದದ ನೆಂಟರೂ ಭಾಲ್ಕಿಯ ನೆಂಟರೂ ಸಂಜೆಯ ಬಸ್ಸು ಹಿಡಿದಿದ್ದರು. ಮರುದಿನ ಬೆಳಗ್ಗೆ ಒಲೆ ಹೊತ್ತಿಸಲು ಹೊರಟ ನಲಿನಿ ಅಡುಗೆಮನೆಯ ಚೌಕಟ್ಟಿಗೆ ಭುಜ ಬಡಿದುಕೊಂಡಳು.

“ಅತ್ತು ಅತ್ತು ಎದುರಿನ ಬಾಗಲಾನೂ ಕಾಣಲತ್ತಿಲ್ಲ ನೋಡು,” ಎಂದರು ಅತ್ತೆ ಅಂಬೂಬಾಯಿ.

ನಲಿನಿ ಅತ್ತಿರಲಿಲ್ಲ. ಒಮ್ಮೆಯೂ ಅತ್ತಿರಲಿಲ್ಲ. ಅಳುವ ಮೊದಲು ಅವಳಿಗೆ ಒಂದು ಸಂಗತಿ ತಿಳಿಯಬೇಕಿತ್ತು. ಗಂಡನ ಕೊನೆಯ ವರ್ಷ ಯಾರದಾಗಿತ್ತು?

ಪ್ರಭಾಕರ ಸತ್ತದ್ದು ಬೀದರ ಕೋಟೆಯ ಕಂದಕದಲ್ಲಿ. ಹಾಡಹಗಲು, ಕಣ್ಣು ಮುಚ್ಚಿಕೊಂಡು, ಕೋಲು ಹಿಡಿದು ಅಂಚಿನಗುಂಟ ನಡೆಯುತ್ತಿದ್ದನಂತೆ. ದನ ಕಾಯುವವರು ಕೂಗುವಷ್ಟರಲ್ಲಿ ಕೆಳಗೆ ಬಿದ್ದಿದ್ದ. ಕೋಲು ಮಾತ್ರ ಮೇಲೆ ಉಳಿದಿತ್ತು. ಮಾಸ್ತರಿಗೆ ಮಂತ್ರದ ಹುಚ್ಚು ಹಿಡಿದಿತ್ತು, ಅದು ಮಾಟದ ಕೋಲು ಎಂದು ಓಣಿಯೇ ತೀರ್ಮಾನಿಸಿತು.

ಹುಚ್ಚು ಹಿಡಿದದ್ದು ಹಿಂದಿನ ವರ್ಷ, ಹೈದರಾಬಾದಿನಲ್ಲಿ. ನಲಿನಿಯ ತಲೆನೋವಿಗೆಂದು ಹೋಗಿದ್ದರು. ಡಾಕ್ಟರು ಅವಳನ್ನು ಪರೀಕ್ಷಿಸಿ, ಹೊರಗಿನ ಬೆಂಚಿನ ಮೇಲೆ ಕೂಡಲು ಹೇಳಿ, ಗಂಡನನ್ನು ಒಳಗೆ ಕರೆದರು. ಹೆಂಗಸರ ಕಾಯಿಲೆಯನ್ನು ಗಂಡಸರಿಗೆ ಹೇಳುವುದೇ ರೂಢಿ.

“ಏನಿಲ್ಲಂತ. ತಾಕತ್ತಿನ ಔಷಧ ಕೊಟ್ಟಾರ,” ಎಂದ ಪ್ರಭಾಕರ ಹೊರಗೆ ಬಂದು. ಅದೇ ಸಂಜೆ ಫುಟ್‌ಪಾತಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೊಂಡ. ಅದರಲ್ಲಿದ್ದದ್ದು ಇಜಿಪ್ತಿನ ಹರ್ಮಿಸ್ ಎಂಬ ಪುರಾತನ ಗುರುವಿನ ಪಂಥದವರು ಮಾಡುವ ಸಾಧನೆ. ಭೂಮಿ, ನೀರು, ಬೆಂಕಿ, ಗಾಳಿ ಎಂಬ ಒಂದೊಂದು ಭೂತಕ್ಕೆ ಒಂದೊಂದು ಇಂದ್ರಿಯ. ಉಳಿದವನ್ನು ಅಡಗಿಸಿ ಒಂದನ್ನೇ ಪಳಗಿಸಬೇಕು.

ಮರುದಿನದಿಂದ ಮನೆಯೇ ಶಾಲೆಯಾಯಿತು. ತನ್ನ ಕಣ್ಣಿಗೊಂದು ಪಟ್ಟಿ, ಅವಳ ಕಣ್ಣಿಗೊಂದು ಪಟ್ಟಿ. ಭೂಮಿಗೆ ಮೂಗು: ಯಾವ ಡಬ್ಬಿಯಲ್ಲಿ ಜೀರಿಗೆ, ಯಾವುದರಲ್ಲಿ ಅಜವಾನ ಎಂದು ಮೂಸಿ ಹೇಳಬೇಕು. ನೀರಿಗೆ ಸ್ಪರ್ಶ: ಕೊಡ ಎಷ್ಟು ತುಂಬಿದೆಯೆಂದು ಹೊರಗಿನ ತಂಪು ಸವರಿಯೇ ಹೇಳಬೇಕು. ಬೆಂಕಿಗೆ ಕಣ್ಣು ಎಂಬ ಅಧ್ಯಾಯವನ್ನು ಮಾತ್ರ ಅವನು ಹಾರಿಸಿದ. ಗಾಳಿಗೆ ಕಿವಿ ಎಂದಾಗ, ಉಸ್ಮಾನಿಯಾದಲ್ಲಿ ತತ್ವಶಾಸ್ತ್ರ ಓದಿದ ನಲಿನಿಗೆ ತಡೆಯಲಾಗಲಿಲ್ಲ.

“ಗಾಳೀದು ಸ್ಪರ್ಶರಿ. ಶಬ್ದ ಆಕಾಶದ್ದು. ನಮ್ಮ ಶಾಸ್ತ್ರದಾಗ ನಿಮ್ಮ ಇಜಿಪ್ತಿನ ಗುರು ಫೇಲು.”

“ಫೇಲಾಗ್ಲಿ. ನನಗ ಗಾಳಿಗಿ ಕಿವಿನೇ ಬೇಕು,” ಎಂದ. ನಗಲಿಲ್ಲ. “ಇಲ್ಲಿ ನಿಂದ್ರು. ಗ್ವಾಡಿ ಮುಂದ ಗಾಳಿ ಒಂಥರಾ ಕೇಳ್ತದ. ಬಾಗಲ ಮುಂದ ಬ್ಯಾರೆ ಥರಾ. ಕೇಳು.”

ಒಂದು ದಿನ ಅವಳು ಪಟ್ಟಿ ಕಿತ್ತು ಬಿಸಾಡಿದಳು. “ನಿಮ್ಮ ಆಟಕ್ಕ ನಾ ಗೊಂಬಿ ಅಲ್ಲ. ಕಲೀಬೇಕಂದ್ರ ನೀವೇ ಕಲೀರಿ.”

ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಕರೆಯಲಿಲ್ಲ. ಗುರುವಾರ ಗುರುವಾರ ಎಲ್ಲಿಗೋ ಹೋಗತೊಡಗಿದ. ಮರಳಿದಾಗ ಅಂಗಿ ತುಂಬ ಕೇದಿಗೆ ಅತ್ತರಿನ ವಾಸನೆ. ಎಲ್ಲಿಗೆಂದು ಕೇಳಿದರೆ, “ಹೇಳ್ತೇನಿ, ಸ್ವಲ್ಪ ತಡಿ,” ಎನ್ನುತ್ತಿದ್ದ. ಹೇಳದೆಯೇ ಹೋದ.

“ಆ ಕೋಲು ನಮ್ಮದಲ್ಲ,” ಎಂದರು ಅಂಬೂಬಾಯಿ ಆ ಬೆಳಗ್ಗೆ ಚಹಾ ಕುಡಿಯುತ್ತ. “ಸತ್ತವರ ಎರವಲು ಮನಿಯಾಗ ಇಟ್ಕೋಬಾರದು. ಜೀವ ಅಲ್ಲೇ ಸುತ್ತತದ. ಯಾರದಂತ ಕೇಳಿ ಕೊಟ್ಟು ಬಾ.”

ಯಾರದೆಂದು ಟಾಂಗಾದ ನರಸಿಂಗನಿಗೆ ಗೊತ್ತಿತ್ತು. “ಚಿದ್ರಿಯಾಗಿನ ರಹೀಮುನ್ನಿಸಾ ಬೇಗಮರದ್ರಿ ಬಾಯಿ. ಗುರುವಾರ ಮಾಸ್ತರನ್ನ ನಾನೇ ಅಲ್ಲಿ ಇಳಸ್ತಿದ್ದೆ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ನಲಿನಿ ತಲೆಯ ಮೇಲೆ ಸೆರಗು ಹೊದ್ದು ಟಾಂಗಾ ಹತ್ತಿದಳು. ನರಸಿಂಗ ಮಾತು ಮರೆಸಲು ಕಚೇರಿಯ ಕಡೆ ಚಾಟಿ ತೋರಿಸಿದ.

“ನೋಡ್ರಿ, ಹೊಸ ಬೋರ್ಡು. ಮೈಸೂರು ರಾಜ್ಯ ಅಂತ ಎಷ್ಟು ದೊಡ್ಡ ಅಕ್ಷರ! ನನ್ನ ಕುದುರಿಗಿ ಮಾತ್ರ ಯಾರೂ ಹೇಳಿಲ್ಲ. ಅದಿನ್ನೂ ಹೈದರಾಬಾದ್ ರಸ್ತಾದ ಕಡಿಗೇ ಎಳೀತದ.”

ಅವಳು ನೋಡಿದಳು. ಬಿಳಿಯ ಹಲಗೆಯಷ್ಟೇ ಕಂಡಿತು. ಇಂಥ ಹೊತ್ತಿನಲ್ಲಿ ಯಾವ ಅಕ್ಷರ ತಾನೇ ಮನಸ್ಸಿಗೆ ಇಳಿದೀತು!

ಚಿದ್ರಿಯ ಆ ಮನೆಯ ಬಾಗಿಲಲ್ಲೇ ಕೇದಿಗೆ ಅತ್ತರು ಎದುರಾಯಿತು. ನಲಿನಿಯ ಕೈ ಕೋಲಿನ ಮೇಲೆ ಬಿಗಿಯಿತು. ಒಳಗಿನ ಮಬ್ಬಿನಿಂದ ಬಿಳಿಯ ಆಕೃತಿಯೊಂದು ನೆಟ್ಟಗೆ ನಡೆದು ಬಂತು.

“ಪ್ರಭಾಕರ ಮಾಸ್ತರ ಮನಿಯವರು ನಾನು. ನಿಮ್ಮ ವಸ್ತು ವಾಪಸ್ ತಂದೀನಿ. ಒಂದು ಮಾತು ಕೇಳಿ ಹೋಗ್ತೇನಿ.”

“ಬಾ ಬೇಟಿ, ಬಾ,” ಎಂದಿತು ಹಲ್ಲಿಲ್ಲದ ಬಾಯಿ. ಮುದಿ ಕೈಯೊಂದು ಮೊದಲು ಗೋಡೆಯನ್ನು, ಆಮೇಲೆ ನಲಿನಿಯ ಹೆಗಲನ್ನು ಮುಟ್ಟಿತು. “ನನ್ನ ಕಣ್ಣು ರಜಾಕಾರರ ಗದ್ದಲಕ್ಕಿಂತ ಮೊದಲೇ ಹೋದವು. ಸದ್ದು ಮಾಡಿ ಕೂಡು. ಇಲ್ಲಂದ್ರ ನಿನ್ನ ಮ್ಯಾಲೇ ಕೂಡ್ತೇನಿ.”

ವರ್ಷವಿಡೀ ಹೊತ್ತ ಹಗೆ ನಲಿನಿಯ ಒಳಗೇ ಕುಸಿದು ಕೂತಿತು. ಅವಳು ಕೋಲನ್ನು ಮುದುಕಿಯ ಕೈಗಿಟ್ಟಳು.

“ಅವರು ಇಲ್ಲಿ ಬಂದು ಏನು ಮಾಡ್ತಿದ್ರು ರೀ?”

“ಕಣ್ಣಿಗಿ ಪಟ್ಟಿ ಕಟ್ಕೊಂಡು ನನ್ನ ಹಿಂದ ಓಡಾಡೋರು. ಒಲಿ ಹ್ಯಾಂಗ ಹಚ್ಚೋದು, ಅತ್ತರಿನ ಶೀಸಿ ಮೂಸಿ ಹ್ಯಾಂಗ ಗುರುತು ಹಿಡಿಯೋದು, ರಸ್ತಾ ಹ್ಯಾಂಗ ದಾಟೋದು. ಕೆಟ್ಟ ಶಾಗಿರ್ದ, ಕೆಟ್ಟ ಶಿಷ್ಯ! ಮಾತಿಗೊಮ್ಮೆ ಅಂಗ್ರೇಜಿ ಕಿತಾಬು, ಗಾಳಿಗಿ ಕಿವಿ ಅನ್ನೋರು. ಮೊದಲು ಮನಿಯೊಳಗ ಕಲೀರಿ, ಹೊರಗ ಒಬ್ಬರೇ ಹೋಗಬ್ಯಾಡ್ರಿ ಅಂದೆ. ಟೈಮ್ ಇಲ್ಲ ಅಂದ್ರು. ಕೇಳಲಿಲ್ಲ.”

ನಲಿನಿಗೆ ಈಗ ಎಲ್ಲವೂ ತಿಳಿಯಿತು. ಹೈದರಾಬಾದಿನ ಡಾಕ್ಟರ ಕೋಣೆಯಲ್ಲಿ ಅವನು ತನ್ನ ಕಣ್ಣನ್ನೂ ತೋರಿಸಿರಬೇಕು. ಹೆಂಡತಿಗೆ ಹೇಳಲಾರದೆ ಒಬ್ಬನೇ ಕತ್ತಲೆಗೆ ಸಿದ್ಧನಾಗುತ್ತಿದ್ದ. ಕೊನೆಗೂ ಅವಳು ಅತ್ತಳು.

“ಅವರ ಕಣ್ಣು ಹೋಗ್ತಾವಂತ ನನಗೊಂದು ಮಾತು ಹೇಳಬಾರದಿತ್ತೇನ್ರಿ?”

ಮುದುಕಿ ಕೋಲನ್ನು ತಡವಿ, ತಿರುಗಿಸಿ, ಮೆಲ್ಲಗೆ ನಲಿನಿಯ ಮಡಿಲಲ್ಲೇ ಇಟ್ಟಳು.

“ಅವರ ಕಣ್ಣಿಗಿ ಏನೂ ಆಗಿರಲಿಲ್ಲ ಬೇಟಿ. ನಿನಗ ಕಲಸಬೇಕಂತೇ ತಾವು ಕಲೀತಿದ್ರು. ಡಾಕ್ಟರು ಹೇಳಿದ್ದು ನಿನ್ನ ಕಣ್ಣಿನ ಮಾತು.”