ಟೆಲಿಫೋನ್ ಅಕ್ಕನ ಮುಖ

ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಟೆಲಿಫೋನ್ ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತಿ ಬಂದ. "ಇಲ್ಲಿ ಅಕ್ಕ ಯಾರು? ಫೋನಲ್ಲಿ ಮಾತಾಡೋ ಅಕ್ಕ?"

ಕರೆ ಜೋಡಿಸುವ ಖಾಲಿ ಬೋರ್ಡಿನ ಮುಂದೆ ಕೈಕಟ್ಟಿ ಕೂತಿದ್ದ ಹೆಂಗಸು ಎದ್ದು ನಿಂತಳು. ಅಂದು ಬೆಳಿಗ್ಗೆಯಷ್ಟೇ ಊರಿಗೆ ಹೊಸ ಯಂತ್ರ ಬಂದಿತ್ತು. ಇನ್ನು ಜನ ತಾವೇ ನಂಬರು ತಿರುಗಿಸಿಕೊಳ್ಳಬಹುದು, ನಡುವೆ ಅಕ್ಕನ ಹಂಗಿಲ್ಲ.

"ಅಭ್ಯಾಸ ಬಿಡುತ್ತಾ?" ಎಂದ ಬೇಕರಿಯವನು. "ಫೋನೆತ್ತಿ 'ಅಕ್ಕ, ಡಾಕ್ಟರಮ್ಮನ್ನ ಕೊಡಿ' ಅಂದೆ. ಅದು ಬರೀ ಗುಂಯ್ ಅಂತು. ನಂಬರು ತಿರುಗಿಸಿದ್ರೆ ಅವರ ಮನೇಲಿ ಯಾರೂ ಎತ್ತಲ್ಲ. ನನ್ನ ಹೆಂಡ್ತಿಗೆ ಹೆರಿಗೆ ನೋವು, ಮಗು ಕಾಲು ಮುಂದಾಗಿ ಬರ್ತಿದೆಯಂತೆ. ಸೂಲಗಿತ್ತಿ ನನ್ ಕೈಲಾಗಲ್ಲ ಅಂದ್ಬಿಟ್ಲು ಅಕ್ಕ!"

ನಿನ್ನೆಯಾಗಿದ್ದರೆ ಅಕ್ಕ ನಾಲ್ಕಾರು ಕಡೆ ತಂತಿ ಸಿಕ್ಕಿಸಿ, ಅವರಿವರನ್ನು ಕೇಳಿ, ಡಾಕ್ಟರಮ್ಮ ಎಲ್ಲಿದ್ದರೂ ಹಿಡಿದು ಕೊಡುತ್ತಿದ್ದಳು. ಈಗ ತಂತಿಗಳೆಲ್ಲ ಮೂಟೆ ಸೇರಿವೆ. ಹೊಸ ನಂಬರುಗಳು ಅವಳಿಗೇ ಇನ್ನೂ ಬಾಯಿಗೆ ಬಂದಿಲ್ಲ. ಯಂತ್ರ ತಂದ ಸಾಹೇಬರು ಡೈರೆಕ್ಟರಿ ತಿರುವತೊಡಗಿದರು.

ಅಕ್ಕ ಕಿಟಕಿಯತ್ತ ನೋಡಿದಳು. ಕೆಳಗೆ ಪೇಟೆಬೀದಿ. ಕೂಗಿದರೆ ಆಯಿತು, ಆದರೆ ಆ ಕೂಗು ಅವಳಿಗೆ ಸುಲಭದ್ದಲ್ಲ. ಊರಿನ ಜಗಳ, ಪ್ರೇಮ, ಕಾಯಿಲೆ ಎಲ್ಲವೂ ಅವಳ ಕಿವಿಯ ಮೂಲಕವೇ ಹಾದುಹೋಗಿದ್ದವು. ದನಿ ಗುರುತು ಸಿಕ್ಕರೆ ಜನ ತನ್ನ ಮುಖ ನೋಡಲು ನಾಚುತ್ತಾರೆಂದು ಪೇಟೆಯಲ್ಲಿ ಅವಳು ಬಾಯಿಯೇ ಬಿಡುತ್ತಿರಲಿಲ್ಲ. ತರಕಾರಿಯನ್ನೂ ಬೆರಳಲ್ಲಿ ತೋರಿಸಿ ಕೊಳ್ಳುತ್ತಿದ್ದಳು. ತರಕಾರಿಯಜ್ಜಿ ಅವಳನ್ನು ಮೂಗಿಯೆಂದೇ ತಿಳಿದು ಮರುಗಿ, ಎರಡು ಟೊಮೆಟೊ ಹೆಚ್ಚಿಗೆ ಹಾಕುತ್ತಿದ್ದಳು. ಗುಟ್ಟು ಬಿಡದ ಇಂಥ ಬಾಯಿ ಊರಿಗೊಂದಿದ್ದರೆ ಸಾಕು, ಎಷ್ಟೋ ಮನೆಗಳು ಉಳಿಯುತ್ತವೆ.

ಅಕ್ಕ ಕಿಟಕಿ ತೆಗೆದು ಹೊರಗೆ ಬಾಗಿದಳು. "ಹಲೋ! ಎಕ್ಸ್‌ಚೇಂಜಿಂದ ಮಾತಾಡ್ತಿದ್ದೀನಿ!"

ಬೀದಿ ಗಕ್ಕನೆ ನಿಂತಿತು. ದರ್ಜಿ ಹೊಲಿಗೆ ನಿಲ್ಲಿಸಿದ, ಸೈಕಲ್ಲಿನವರು ಇಳಿದರು. ಆ ದನಿ ಗೊತ್ತಿಲ್ಲದವರು ಊರಲ್ಲಿ ಯಾರಿದ್ದರು!

"ಬೇಕರಿಯವರ ಮನೇಲಿ ಹೆರಿಗೆ ಕಷ್ಟವಾಗಿದೆ, ಡಾಕ್ಟರಮ್ಮ ಕೂಡ್ಲೇ ಬರ್ಬೇಕು. ನಿಂತಲ್ಲೇ ನಿಂತು ಪಕ್ಕದವರಿಗೆ ಹೇಳಿ. ಎಲ್ಲರೂ ಲೈನಲ್ಲೇ ಇರಿ!"

ದರ್ಜಿ ಚಪ್ಪಲಿ ಅಂಗಡಿಗೆ ಕೂಗಿದ, ಚಪ್ಪಲಿಯವನು ಔಷಧಿ ಅಂಗಡಿಗೆ, ಔಷಧಿಯವನು ತಿರುವಿನ ಪೊಲೀಸಿಗೆ. ಸಾಹೇಬರು ಡೈರೆಕ್ಟರಿ ಬಿಸಾಕಿ ಹಿಂದಿನ ಕಿಟಕಿಗೆ ಓಡಿ ಆ ಕಡೆಯ ಬೀದಿಗೆ ಗಂಟಲು ಹರಿಯುವಂತೆ ಕೂಗಿದರು. ಎಂಥ ಊರು, ಎಂಥ ಜನ! ಸ್ವಲ್ಪ ಹೊತ್ತಿಗೆ ಬಾಯಿಂದ ಬಾಯಿಗೆ ಉತ್ತರ ಬಂತು: ಡಾಕ್ಟರಮ್ಮ ಸೇತುವೆಯ ಹತ್ತಿರ ಸಿಕ್ಕಿದ್ದಾರೆ, ಲಾರಿಯವನೊಬ್ಬ ಕೂರಿಸಿಕೊಂಡು ಬರುತ್ತಿದ್ದಾನೆ. ಬೇಕರಿಯವನು ಕಣ್ಣೊರೆಸಿಕೊಳ್ಳುತ್ತ ಮನೆಗೆ ಓಡಿದ. ಮುಖವೆಲ್ಲ ಹಿಟ್ಟಾಯಿತು.

ಅಕ್ಕ ಕಿಟಕಿ ಬಿಟ್ಟು ಕದಲಲಿಲ್ಲ. ನೆತ್ತಿ ಸುಡುವ ಬಿಸಿಲಲ್ಲಿ ಬೀದಿಯೂ ಕದಲಲಿಲ್ಲ. ಕೊನೆಗೆ ಬೇಕರಿಯ ಕಡೆಯಿಂದ ಒಂದು ಕೂಗು ಹೊರಟು, ಅಂಗಡಿಯಿಂದ ಅಂಗಡಿಗೆ ದಾಟಿ, ಕಿಟಕಿಯ ಕೆಳಗಿದ್ದ ತರಕಾರಿಯಜ್ಜಿಯನ್ನು ಮುಟ್ಟಿತು.

"ಹೆಣ್ಣು ಮಗು! ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ!" ಎಂದು ಅಜ್ಜಿ ಮೇಲಕ್ಕೆ ಕೂಗಿದಳು.

ಅಕ್ಕನ ಎದೆ ಹಗುರಾಯಿತು. ಮರುಕ್ಷಣವೇ ಬೀದಿಯ ಕಣ್ಣುಗಳೆಲ್ಲ ತನ್ನ ಮೇಲಿರುವುದು ಕಂಡು, ನಾಚಿ, ಕಿಟಕಿಯ ಬಾಗಿಲಿಗೆ ಕೈ ಹಾಕಿದಳು.

"ಮುಚ್ಚಬೇಡಿ ಅಕ್ಕ, ಕೆಳಗೆ ಬನ್ನಿ" ಎಂದಳು ಅಜ್ಜಿ, ಕೂರಲು ತನ್ನ ಮಣೆಯನ್ನು ಒರೆಸುತ್ತ. "ಇಷ್ಟು ವರ್ಷ ನಮ್ಮ ಮಾತೆಲ್ಲ ನೀವು ಕೇಳಿದ್ರಿ. ಇವತ್ತು ನಿಮ್ಮ ಮಾತು ನಾವು ಕೇಳ್ತೀವಿ."