ಹೊಸ್ತಿಲ ಮೇಲಿನ ಮಾತು

ಆ ಬೀದಿಯಲ್ಲಿ ಹರಾಜಿಗೆ ಬಂದ ಏಳನೆಯ ಮನೆ ತಿಪ್ಪೇಸ್ವಾಮಿಯವರದು. ಬೆಲೆ ಅರ್ಧಕ್ಕಿಳಿದರೂ ಆ ಬೀದಿಯ ಮನೆ ಯಾರಿಗೂ ಬೇಡವಾಗಿತ್ತು. ಮೊದಲಿನ ಆರು ಮನೆಗಳ ಬಾಗಿಲ ದೀಪಗಳು ಕರೆಂಟು ಕಿತ್ತ ಮೇಲೂ ಹಾಡಹಗಲೇ ಉರಿಯುತ್ತಿದ್ದವು. ಬಿಟ್ಟುಹೋಗುವಾಗ ಯಜಮಾನರು ರೂಢಿಯಂತೆ ‘ಬರ್ತೀನಿ’ ಅಂದಿದ್ದರು. ಮನೆಗಳು ಅದನ್ನು ನಂಬಿದ್ದವು. ವಾರದೊಳಗೆ ಅವರೆಲ್ಲ ನಿದ್ದೆಗಣ್ಣಲ್ಲಿ ನಡೆದುಬಂದು ಒಳಸೇರಿದ್ದರು. ಬಾಗಿಲು ಮತ್ತೆ ತೆರೆದಿರಲಿಲ್ಲ.

ಅದಕ್ಕೇ ಹರಾಜು ಕಚೇರಿಯ ನಾಗವೇಣಿ ಈಗ ಊರಲ್ಲಿ ಹರಾಜಿಗೆ ಬಂದ ಪ್ರತಿ ಮನೆಗೂ ಹೋಗಿ, ಯಜಮಾನರನ್ನು ಹೊಸ್ತಿಲ ಬಳಿ ನಿಲ್ಲಿಸಿ ಸರಿಯಾದ ಮಾತು ಹೇಳಿಸುತ್ತಿದ್ದಳು.

“‘ಹೋಗ್ತೀನಿ’ ಅನ್ರಿ ಸರ್. ಅಷ್ಟೇ ಸಾಕು.”

“ಅಪಶಕುನದ ಮಾತು ಕಣಮ್ಮ. ನಮ್ಮವ್ವ ಇದ್ದಿದ್ರೆ ಬಾಯಿಗೆ ಹೊಡೀತಿದ್ಲು.”

ತಿಪ್ಪೇಸ್ವಾಮಿ ಮೂರು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ, “ಹೋಗ್ತೀನಿ” ಅಂದು ಅಂಗಳಕ್ಕಿಳಿದರು. ಬಾಗಿಲ ದೀಪ ಆರಿತು.

ನಾಗವೇಣಿಗೆ ಹೋದ ಉಸಿರು ಬಂದಂತಾಯಿತು. ಒಳಗೆ ಹೋಗಿ ಖಾಲಿ ಕೋಣೆಗಳನ್ನೊಮ್ಮೆ ನೋಡಿ, ಹೊಸ್ತಿಲು ದಾಟಿ ಹೊರಬರುತ್ತಾ ಅವರಿಗೆ ಕೈಮುಗಿದಳು.

“ಆಯ್ತು ಸರ್, ಬರ್ತೀನಿ.”

ತಿಪ್ಪೇಸ್ವಾಮಿ ಅವಳ ಮುಖ ನೋಡಲಿಲ್ಲ. ಅವಳ ತಲೆಯ ಮೇಲೆ ನೋಡುತ್ತಿದ್ದರು. ಅಲ್ಲಿ ಬಾಗಿಲ ದೀಪ ಮತ್ತೆ ಮೆಲ್ಲಗೆ ಹೊತ್ತಿಕೊಂಡಿತ್ತು.

“ಹೋಗ್ತೀನಿ ಅನ್ನು ಮಗಳೇ. ಬೇಗ ಅನ್ನು.”

ಊರಿಡೀ ಆ ಮಾತು ಹೇಳಿಸಿದ್ದ ನಾಗವೇಣಿ ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ಮತ್ತೆ ಅದೇ, “ಬರ್ತೀನಿ.”

ಅವಳ ಬೆನ್ನ ಹಿಂದೆ, ಖಾಲಿ ಮನೆಯೊಳಗೆ, ಯಾರೋ ಚಾಪೆ ಹಾಸಿದ ಸದ್ದಾಯಿತು.